ಸೀಲಿಯಾಕ್ ಇರುವ ಮಗಳಿಗೆ ಗಡ್ಡೆ-ಗೆಣಸು ಕೊಡಬಹುದೇ, ಎಷ್ಟು ಕೊಡಬಹುದು?

ಪ್ರಶ್ನೆ: ಧಾರವಾಡದ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಹನ್ನೊಂದು ವರ್ಷದ ಮಗಳಿಗೆ ಸೀಲಿಯಾಕ್ ಕಾಯಿಲೆ ಇರುವುದು ರಕ್ತಪರೀಕ್ಷೆ ಮತ್ತು ಎಂಡೋಸ್ಕೋಪಿಯಿಂದ ಖಚಿತವಾಗಿ ಈಗ ಎಂಟು ತಿಂಗಳಾಯಿತು. ಈ ಕಾಯಿಲೆಯಲ್ಲಿ ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಸಣ್ಣ ಕರುಳಿಗೆ ಹಾನಿ ಮಾಡುವುದರಿಂದ ಚಪಾತಿ, ಸಜ್ಜಕ, ಉಪ್ಪಿಟ್ಟು ಎಲ್ಲವನ್ನೂ ಅಂದಿನಿಂದಲೇ ನಿಲ್ಲಿಸಿದ್ದೇವೆ. ಜೋಳದ ರೊಟ್ಟಿ ನಮ್ಮ ಮನೆಯ ನಿತ್ಯದ ಊಟವಾದ್ದರಿಂದ ಅಷ್ಟರಮಟ್ಟಿಗೆ ನಾವು ಪುಣ್ಯವಂತರು. ಭೇದಿ ನಿಂತಿದೆ, ತೂಕವೂ ಮೂರು ಕಿಲೋ ಏರಿದೆ. ಆದರೆ ಈಗ ಅದಕ್ಕೆ ವಿರುದ್ಧವಾಗಿ ಮಲಬದ್ಧತೆ ಕಾಡುತ್ತಿದೆ. ರೊಟ್ಟಿ ಬೇಡವೆಂದು ಹಟ ಹಿಡಿದ ದಿನಗಳಲ್ಲಿ ಅವಳು ತಿನ್ನುವುದು ಬಿಳಿ ಅನ್ನ, ಸಾಬಕ್ಕಿ ಖಿಚಡಿ ಮತ್ತು ಗ್ಲುಟೆನ್ ರಹಿತ ಎಂದು ಬರೆದಿರುವ ಬಿಸ್ಕತ್ತು ಮಾತ್ರ. ಗಡ್ಡೆ ತರಕಾರಿಗಳು ಕರುಳಿನ ಒಳ್ಳೆಯ ಸೂಕ್ಷ್ಮಾಣುಗಳಿಗೆ ಆಹಾರವಾಗುತ್ತವೆ, ಅವುಗಳಿಗೆ ಪ್ರಿಬಯಾಟಿಕ್ ಗುಣವಿದೆ ಎಂದು ಓದಿದೆ. ಆ ಬರಹದಲ್ಲಿ ಹೆಸರಿಸಿದ್ದ ಚಿಕೋರಿ ಬೇರು ನಮ್ಮಲ್ಲಿ ಕಾಫಿಪುಡಿಗೆ ಬೆರೆಸಲು ಬರುತ್ತದೆಯೇ ಹೊರತು ತರಕಾರಿಯಾಗಿ ಸಿಗುವುದಿಲ್ಲ. ನಮ್ಮ ಗೆಣಸು, ಸುವರ್ಣಗಡ್ಡೆ, ಕೆಸುವಿನ ಗಡ್ಡೆಗಳು ಆ ಕೆಲಸ ಮಾಡುತ್ತವೆಯೇ? ಸಾಬಕ್ಕಿಯೂ ಮರಗೆಣಸಿನಿಂದಲೇ ಆಗುವುದಲ್ಲವೇ, ಅದು ಸಾಲದೇ?

ಉತ್ತರ: ಆಹಾರ ತಜ್ಞೆ, ಮೈಸೂರು

ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಹೆಚ್ಚಿನವರು ಎಡವುವುದು ಅಲ್ಲಿಯೇ. ಗಡ್ಡೆಯೇ ಬೇರೆ, ಗಡ್ಡೆಯಿಂದ ತೆಗೆದ ಪಿಷ್ಟವೇ ಬೇರೆ. ಮರಗೆಣಸನ್ನು ಅರೆದು, ತೊಳೆದು, ನಾರನ್ನು ಸೋಸಿ ತೆಗೆದ ಮೇಲೆ ಉಳಿಯುವ ಪಿಷ್ಟದಿಂದ ಸಾಬಕ್ಕಿ ತಯಾರಾಗುತ್ತದೆ. ಅದರಲ್ಲಿ ಗ್ಲುಟೆನ್ ಇಲ್ಲ ನಿಜ, ನಾರೂ ಇಲ್ಲವೆನ್ನುವಷ್ಟು ಕಡಿಮೆ. ಅಂಗಡಿಯ ಗ್ಲುಟೆನ್ ರಹಿತ ಬಿಸ್ಕತ್ತುಗಳಲ್ಲಿ ಬಹಳಷ್ಟು ಇಂಥ ಪಿಷ್ಟಗಳಿಂದಲೇ ಆದವು. ಮಗಳ ಮಲಬದ್ಧತೆಗೆ ಇದೇ ಮುಖ್ಯ ಕಾರಣವಿರಬಹುದು.

ಗೋಧಿ ಬಿಟ್ಟಾಗ ಗ್ಲುಟೆನ್ ಜೊತೆಗೆ ಇನ್ನೊಂದು ವಸ್ತುವೂ ತಟ್ಟೆಯಿಂದ ಹೋಗುತ್ತದೆ. ಅದು ಫ್ರಕ್ಟಾನ್ ಎಂಬ ನಾರು. ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳನ್ನು ತಲುಪಿ, ಅಲ್ಲಿನ ಬೈಫಿಡೊಬ್ಯಾಕ್ಟೀರಿಯಾಗಳಿಗೆ ಅದು ಆಹಾರವಾಗುತ್ತದೆ. 2009ರಲ್ಲಿ ಪ್ರಕಟವಾದ ಸ್ಪೇನ್ ದೇಶದ ಒಂದು ಸಣ್ಣ ಅಧ್ಯಯನದಲ್ಲಿ ಹತ್ತು ಮಂದಿ ಆರೋಗ್ಯವಂತರು ಒಂದು ತಿಂಗಳು ಗ್ಲುಟೆನ್ ರಹಿತ ಆಹಾರ ತಿಂದಾಗ ಅವರ ಕರುಳಿನಲ್ಲಿ ಈ ಸೂಕ್ಷ್ಮಾಣುಗಳು ಕಡಿಮೆಯಾದವು. ಪೋಲೆಂಡಿನಲ್ಲಿ ಸೀಲಿಯಾಕ್ ಇರುವ ಮಕ್ಕಳಿಗೆ ಚಿಕೋರಿಯಲ್ಲಿ ಸಿಗುವ ಇನುಲಿನ್ ಎಂಬ ಫ್ರಕ್ಟಾನನ್ನು ದಿನಕ್ಕೆ 10 ಗ್ರಾಂನಂತೆ ಮೂರು ತಿಂಗಳು ಕೊಟ್ಟು ನೋಡಿದಾಗ ಅವು ಹೆಚ್ಚಿದವು. ಅದು ಶುದ್ಧೀಕರಿಸಿದ ಪುಡಿ ಎಂಬುದನ್ನು ಮರೆಯಬಾರದು. ಆ ಫಲವನ್ನು ಒಂದು ಬಟ್ಟಲು ಗೆಣಸಿನ ಪಲ್ಯಕ್ಕೆ ಹಾಗೆಯೇ ಅನ್ವಯಿಸಲಾಗದು.

ನಮ್ಮ ಅಡುಗೆಮನೆಯಲ್ಲಿ ಫ್ರಕ್ಟಾನ್ ಹೆಚ್ಚಾಗಿರುವುದು ಈರುಳ್ಳಿ, ಬೆಳ್ಳುಳ್ಳಿಗಳಲ್ಲಿ. ಆಲೂಗಡ್ಡೆ, ಗೆಣಸು, ಸುವರ್ಣಗಡ್ಡೆಗಳು ಬೇರೆ ದಾರಿಯಿಂದ ನೆರವಾಗುತ್ತವೆ. ಬೇಯಿಸಿ ಆರಿಸಿದಾಗ ಅವುಗಳ ಪಿಷ್ಟದ ಒಂದು ಪಾಲು ಗಟ್ಟಿಯಾಗಿ, ಸುಲಭಕ್ಕೆ ಜೀರ್ಣವಾಗದ ರೂಪ ತಾಳುತ್ತದೆ. ದೊಡ್ಡ ಕರುಳಿನ ಸೂಕ್ಷ್ಮಾಣುಗಳು ಅದನ್ನು ಹುದುಗಿಸಿ ಬ್ಯುಟಿರೇಟ್ ಎಂಬ ಆಮ್ಲವನ್ನು ಉಂಟುಮಾಡುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಶಕ್ತಿ ಸಿಗುವುದು ಮುಖ್ಯವಾಗಿ ಅದರಿಂದಲೇ. ರಾತ್ರಿ ಬೇಯಿಸಿ ಫ್ರಿಜ್ಜಿನಲ್ಲಿಟ್ಟ ಆಲೂಗಡ್ಡೆಯನ್ನು ಬೆಳಿಗ್ಗೆ ಬಿಸಿ ಮಾಡಿದರೂ ಆ ಗುಣ ಪೂರ್ತಿ ಹೋಗುವುದಿಲ್ಲ.

ಎರಡು ಮೂರು ಚಮಚದಿಂದ ಆರಂಭಿಸಿ, ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಏರಿಸಿ, ನೀರನ್ನೂ ಹೆಚ್ಚು ಕುಡಿಸಿ. ಒಮ್ಮೆಲೇ ಹೆಚ್ಚು ಕೊಟ್ಟರೆ ಹೊಟ್ಟೆ ಉಬ್ಬರಿಸುತ್ತದೆ. ಇನ್ನೊಂದು ಎಚ್ಚರಿಕೆಯಿದೆ. ಕರುಳು ಇನ್ನೂ ಮಾಯದವರಲ್ಲಿ ಕೊಬ್ಬು ಸರಿಯಾಗಿ ಹೀರಲ್ಪಡದಿದ್ದಾಗ ಕೆಲವು ಗಡ್ಡೆಗಳಲ್ಲಿರುವ ಆಕ್ಸಲೇಟ್ ಎಂಬ ಲವಣ ಹೆಚ್ಚಾಗಿ ರಕ್ತ ಸೇರಿ, ಮೂತ್ರಪಿಂಡದಲ್ಲಿ ಕಲ್ಲಾಗುವ ಸಂಭವವಿರುತ್ತದೆ. ಆದ್ದರಿಂದ ಕೆಸುವಿನ ಗಡ್ಡೆ, ಬೀಟ್‌ರೂಟ್‌ಗಳನ್ನು ದಿನವೂ ಕೊಡುವುದು ಬೇಡ, ಕೊಡುವಾಗ ಬೇಯಿಸಿದ ನೀರನ್ನು ಚೆಲ್ಲಿಬಿಡಿ. ಇವೆಲ್ಲವೂ ಗ್ಲುಟೆನ್ ಪೂರ್ತಿ ಬಿಟ್ಟ ಮೇಲಿನ ಮಾತು. ಗಡ್ಡೆ ತಿಂದರೆ ಒಂದು ತುತ್ತು ಚಪಾತಿ ತಿನ್ನಬಹುದೆಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ.

ಉತ್ತರ: ಶಿರಸಿಯ ಕಡೆಯವನು

ನನಗೆ ಸೀಲಿಯಾಕ್ ಇರುವುದು ತಿಳಿದು ಆರು ವರ್ಷವಾಯಿತು, ಅಕ್ಕನವರೇ. ಗಡ್ಡೆಗಳ ನಡುವೆಯೇ ಬೆಳೆದವನು ನಾನು. ನಮ್ಮ ಜಿಲ್ಲೆಯ ಜೋಯಿಡಾದಲ್ಲಿ ಕುಣಬಿ ಜನರು ಬೆಳೆಯುವ ಗಡ್ಡೆ-ಗೆಣಸುಗಳಿಗೆಂದೇ ಮೇಳ ನಡೆಯುತ್ತದೆ. ಅಲ್ಲಿನ ಹೆಗ್ಗೆಣಸುಗಳನ್ನು ಒಬ್ಬರೇ ಎತ್ತುವುದು ಕಷ್ಟ. ಹೀಗಿದ್ದೂ ಮೊದಲ ವರ್ಷ ಸುವರ್ಣಗಡ್ಡೆಯ ಪಲ್ಯ ತಿಂದಾಗಲೆಲ್ಲ ನನಗೆ ಹೊಟ್ಟೆ ಉಬ್ಬರಿಸಿ, ಎರಡು ದಿನ ಸುಸ್ತಾಗುತ್ತಿತ್ತು. ಗಡ್ಡೆ ವಾಯು ಎಂದು ಮನೆಯವರೆಲ್ಲ ಹೇಳಿದರು, ನಾನೂ ಅದನ್ನು ಬಿಟ್ಟುಬಿಟ್ಟೆ. ಒಂದು ದಿನ ನನ್ನ ಹೆಂಡತಿ ಒಗ್ಗರಣೆಗೆ ಕೈಗೆತ್ತಿಕೊಂಡ ಇಂಗಿನ ಡಬ್ಬಿಯನ್ನು ಬೆಳಕಿಗೆ ಹಿಡಿದು ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದಳು. ಅದರಲ್ಲಿ ಗೋಧಿ ಹಿಟ್ಟಿತ್ತು! ವಾಯು ಆಗಬಾರದೆಂದು ಗಡ್ಡೆಯ ಪಲ್ಯಕ್ಕೆ ನಾವು ಧಾರಾಳವಾಗಿ ಹಾಕುತ್ತಿದ್ದುದೇ ಅದನ್ನು. ಮಾರುಕಟ್ಟೆಯ ಕೂಟು ಇಂಗಿನಲ್ಲಿ ಮೈದಾ ಅಥವಾ ಗೋಧಿ ಹಿಟ್ಟು ಬೆರೆಸುವುದು ಸಾಮಾನ್ಯ. ಅಕ್ಕಿ ಹಿಟ್ಟು ಬೆರೆಸಿದ್ದೂ ಸಿಗುತ್ತದೆ, ಓದಿ ನೋಡಿ ಕೊಳ್ಳಬೇಕು. ಇಂಗು ಬದಲಿಸಿದ ಮೇಲೆ ಅದೇ ಪಲ್ಯ ನನಗೆ ಏನೂ ಮಾಡಲಿಲ್ಲ.

ಸುವರ್ಣಗಡ್ಡೆ ಹೆಚ್ಚುವಾಗ ಕೈಗೆ ಎಣ್ಣೆ ಸವರಿಕೊಳ್ಳಿ, ಹುಣಸೆಹಣ್ಣಿನ ನೀರಿನಲ್ಲಿ ಮೆತ್ತಗಾಗುವವರೆಗೆ ಬೇಯಿಸಿ, ಬಸಿದುಬಿಡಿ. ಆಗ ಗಂಟಲು ತುರಿಸುವುದಿಲ್ಲ. ಮಕ್ಕಳಿಗೆ ಮಾತ್ರ ಸಿಹಿಗೆಣಸಿನಿಂದ ಆರಂಭಿಸುವುದೇ ಒಳ್ಳೆಯದು, ಹಬೆಯಲ್ಲಿ ಬೇಯಿಸಿ ಕೊಟ್ಟರೆ ಬೇಡವೆನ್ನುವ ಮಗು ಅಪರೂಪ.

ಧಾರವಾಡದ ತಾಯಿ

ಈಗಷ್ಟೇ ಅಡುಗೆಮನೆಗೆ ಹೋಗಿ ನೋಡಿ ಬಂದೆ. ನಮ್ಮ ಇಂಗಿನ ಡಬ್ಬಿಯ ಮೇಲೂ ಗೋಧಿ ಹಿಟ್ಟು ಎಂದೇ ಬರೆದಿದೆ. ಎಂಟು ತಿಂಗಳಿಂದ ದಿನವೂ ಅವಳ ಸಾರಿಗೆ ಅದನ್ನೇ ಹಾಕಿದ್ದೇನಲ್ಲ ಎಂದು ಕರುಳು ಹಿಂಡಿದಂತಾಗುತ್ತಿದೆ. ಇನ್ನೊಂದು ಮಾತು, ಜೋಳವನ್ನು ನಾವು ಓಣಿಯ ಗಿರಣಿಯಲ್ಲಿ ಬೀಸಿಸುತ್ತೇವೆ. ಅಲ್ಲಿ ಗೋಧಿಯನ್ನೂ ಬೀಸುತ್ತಾರೆ.

ಆಹಾರ ತಜ್ಞೆ, ಮೈಸೂರು

ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ, ಮಗಳು ತೂಕ ಪಡೆದಿರುವುದು ನಿಮ್ಮ ಆರೈಕೆಯಿಂದಲೇ. ಆದರೆ ಆ ಗಿರಣಿಯ ಹಿಟ್ಟನ್ನು ಇಂದೇ ನಿಲ್ಲಿಸಿ. ನಮ್ಮ ದೇಶದ ನಿಯಮದ ಪ್ರಕಾರ ಗ್ಲುಟೆನ್ ರಹಿತ ಎನ್ನಬೇಕಾದರೆ ಒಂದು ಕಿಲೋ ಆಹಾರದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರಬಾರದು. ಕಲ್ಲಿಗೆ ಅಂಟಿಕೊಂಡ ಗೋಧಿ ಹಿಟ್ಟು ಅದಕ್ಕಿಂತ ಎಷ್ಟೋ ಹೆಚ್ಚು ಬೆರೆಯಬಲ್ಲದು. ಮನೆಯಲ್ಲಿಯೇ ಬೀಸುವ ಸಣ್ಣ ಯಂತ್ರ ಕೊಳ್ಳಲಾದರೆ ಅದರಲ್ಲಿ ಗೋಧಿಯನ್ನು ಎಂದೂ ಹಾಕಬೇಡಿ. ಮುಂದಿನ ಭೇಟಿಯಲ್ಲಿ ಇಂಗಿನ ಮತ್ತು ಗಿರಣಿಯ ವಿಷಯವನ್ನು ವೈದ್ಯರಿಗೆ ತಿಳಿಸಿ, ದೇಹ ಗ್ಲುಟೆನ್‌ಗೆ ಇನ್ನೂ ಪ್ರತಿಕ್ರಿಯಿಸುತ್ತಿದೆಯೇ ಎಂಬುದರ ಸುಳಿವು ಕೊಡುವ ಟಿಟಿಜಿ ರಕ್ತಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ. ಗೆಣಸನ್ನು ಈ ವಾರವೇ ಆರಂಭಿಸಬಹುದು.