ಲಾಕ್‌ಡೌನ್‌ನಲ್ಲಿ ನಿಂತ ಮಗನ ಮಾತು: ತಪ್ಪು ನಮ್ಮದೇ?

ಪ್ರಶ್ನೆ (ಮಂಡ್ಯದ ತಾಯಿ):
ನನ್ನ ಮಗನಿಗೆ ಆಟಿಸಂ ಇದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆರಂಭವಾದಾಗ ಅವನಿಗೆ ಆರು ವರ್ಷ. ಅಲ್ಲಿಯವರೆಗೆ ವಾರಕ್ಕೆರಡು ಬಾರಿ ಮಂಡ್ಯದಿಂದ ರೈಲಿನಲ್ಲಿ ಮೈಸೂರಿಗೆ ಸ್ಪೀಚ್ ಥೆರಪಿಗೆ ಕರೆದೊಯ್ಯುತ್ತಿದ್ದೆವು. "ನೀರು ಬೇಕು", "ಅಮ್ಮ ಬಾ" ಎನ್ನುವಷ್ಟು ಮಾತು ಬಂದಿತ್ತು. ರೈಲು ನಿಂತ ಮೇಲೆಯೂ ಅವನು ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲ ಬಳಿ ನಿಲ್ಲುತ್ತಿದ್ದ. ಜೂನ್ ಹೊತ್ತಿಗೆ ಆ ಮಾತುಗಳೂ ಹೋಗಿ, ಬೇಕಾದುದರ ಕಡೆಗೆ ನನ್ನ ಕೈ ಹಿಡಿದು ಎಳೆಯುವುದಷ್ಟೇ ಉಳಿಯಿತು. ಅವು ಮರಳಲು ಎರಡು ವರ್ಷ ಹಿಡಿಯಿತು. ನಾನು ಮೊಬೈಲ್ ಕೊಟ್ಟದ್ದರಿಂದಲೇ ಹೀಗಾಯಿತೆಂದು ಮನೆಯವರು ಇಂದಿಗೂ ಹೇಳುತ್ತಾರೆ. ಬೇಸಿಗೆ ರಜೆ ಬಂತೆಂದರೆ ನನಗೆ ಭಯ.

ಉತ್ತರ 1 (ವಾಕ್ ಚಿಕಿತ್ಸಕಿ, ಮೈಸೂರು):
ಮೇಡಂ, ಆಟಿಸಂ ಹುಟ್ಟಿನಿಂದ ಬರುವಂಥದ್ದು. ಮೊಬೈಲ್ ಅದನ್ನು ತರುವುದಿಲ್ಲ. ಇಂಥ ಮಕ್ಕಳಲ್ಲಿ ಅನೇಕರಿಗೆ ಒಂದು ಕಡೆ ಕಲಿತದ್ದು ಇನ್ನೊಂದು ಕಡೆಗೆ ತಾನಾಗಿ ಬರುವುದಿಲ್ಲ. ಥೆರಪಿ ಕೋಣೆಯಲ್ಲಿ ಕೇಳಿದ ನೀರನ್ನು ಅಡುಗೆಮನೆಯಲ್ಲಿ ಕೇಳಲು ಮತ್ತೆ ಕಲಿಸಬೇಕಾಗುತ್ತದೆ. ನಿಮ್ಮ ಮಗನಿಗೆ ರೈಲು, ಕೋಣೆ, ಕಲಿಸುವವರು ಎಲ್ಲವೂ ಒಂದೇ ದಿನ ತಪ್ಪಿದವು, ಏಕೆಂದು ಅವನಿಗೆ ಅರ್ಥವಾಗುವಂತೆ ಹೇಳುವ ದಾರಿಯೂ ಇರಲಿಲ್ಲ. ರಜೆಗೆ ಎರಡು ವಾರ ಮೊದಲೇ ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಕೆಲಸದ ಚಿತ್ರ ಅಂಟಿಸಿ ತೋರಿಸಿರಿ. ಆದರೆ ಬಂದ ಮಾತು ಮತ್ತೆ ಹೋದರೆ ರಜೆಯದೇ ಕಾರಣವೆಂದು ಕಾಯಬೇಡಿ. ಕಿವಿಯನ್ನೂ, ಮೂರ್ಛೆರೋಗದ (ಫಿಟ್ಸ್) ಲಕ್ಷಣವಿದೆಯೇ ಎಂಬುದನ್ನೂ ವೈದ್ಯರಿಂದ ಪರೀಕ್ಷೆ ಮಾಡಿಸಿರಿ.

ಉತ್ತರ 2 (ತಂದೆ, ಮೈಸೂರು):
ನಮ್ಮಲ್ಲಿ ಆದದ್ದು ಬೇರೆ. ಆಗ ಹದಿಮೂರರ ಮಗಳು ಶಾಲೆಯ ಗದ್ದಲ, ಸಹಪಾಠಿಗಳ ಗೇಲಿ ಎರಡೂ ಇಲ್ಲದೆ ನೆಮ್ಮದಿಯಾಗಿದ್ದಳು. ಕ್ಯಾಮೆರಾ ಆರಿಸಿಟ್ಟು ಪಾಠ ಕೇಳುತ್ತಿದ್ದಳು. ಅವಳಿಗೆ ತಪ್ಪಿದ್ದು ಕುಕ್ಕರಹಳ್ಳಿ ಕೆರೆಯ ಸುತ್ತಿನ ನಡಿಗೆಯೊಂದೇ. ಆಟಿಸಂ ಇರುವವರು ದಿನಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಹೊರಗೆ ಹೋಗಬಹುದೆಂದು ಬ್ರಿಟನ್ 2020ರ ಏಪ್ರಿಲ್‌ನಲ್ಲೇ ಸ್ಪಷ್ಟಪಡಿಸಿತ್ತು ಎಂದು ಓದಿದಾಗ ಹೊಟ್ಟೆ ಉರಿದದ್ದು ನಿಜ. ನಮಗೆ ನಿಜವಾದ ಕಷ್ಟ ಶುರುವಾದದ್ದು ಶಾಲೆ ತೆರೆದ ಮೇಲೆ: ಮಾಸ್ಕಿನ ದಾರ ಕಿವಿಗೆ ತಾಗಿದರೆ ಅವಳು ತಡೆದುಕೊಳ್ಳುತ್ತಿರಲಿಲ್ಲ, ಮೊದಲ ತಿಂಗಳು ಅರ್ಧ ದಿನಕ್ಕಿಂತ ಹೆಚ್ಚು ಕೂರಲಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ರೈಲಿನ ದಿನಗಳಿಗೆ ರೈಲಿನ ಚಿತ್ರ ಅಂಟಿಸುತ್ತೇನೆ. ಎಲ್ಲಿಗೂ ಹೋಗದ ದಿನಗಳನ್ನು ಖಾಲಿ ಬಿಡಬಹುದೇ?

ವಾಕ್ ಚಿಕಿತ್ಸಕಿ:
ಬಿಡಬೇಡಿ. ಅಂದು ಅವನು ಮನೆಯಲ್ಲಿ ಏನು ಮಾಡುವನೋ ಅದನ್ನೇ ಅಂಟಿಸಿರಿ, ಗಿಡಕ್ಕೆ ನೀರು ಹಾಕುವುದಾದರೂ ಸರಿ.