ಕೆಜಿಎಫ್ ಸೈಕಲ್ ಲೂಪ್: ಮೂರನೇ ಸಲವೂ ಹಾದಿ ಗಣಿಯ ಗೇಟಿನಲ್ಲೇ ನಿಂತಿತು

ಪಾಲಾರ್‌ದಂಡೆ:
ಬಂಗಾರಪೇಟೆಯಿಂದ ಹೊರಟು ಕೆಜಿಎಫ್, ಕಮ್ಮಸಂದ್ರ, ಬೇತಮಂಗಲ, ಆವಣಿ ನೋಡಿಕೊಂಡು ಕೋಲಾರದ ಮೇಲೆ ವಾಪಸಾಗುವ ಒಂದು ದಿನದ ಲೂಪಿಗಾಗಿ ಮೂರು ತಿಂಗಳಿಂದ ಒದ್ದಾಡುತ್ತಿದ್ದೇನೆ. ಮನೆಯಲ್ಲಿ ಕುಳಿತು ನಕ್ಷೆಯಲ್ಲಿ ಗೆರೆ ಎಳೆದಾಗ ಎಲ್ಲವೂ ಸರಿಯಾಗಿರುತ್ತದೆ. ರಸ್ತೆಗೆ ಇಳಿದ ಮೇಲೆ ಮಾತ್ರ ಮೂರು ಸಲವೂ ಸೈಕಲ್ಲಿಗೆ ಕಟ್ಟಿದ, ದಾರಿ ತೋರಿಸುವ ನನ್ನ ಪುಟ್ಟ ಕಂಪ್ಯೂಟರ್ ನಾನು ಎಳೆದ ಗೆರೆ ಬಿಟ್ಟು ಬೇರೆ ಕಡೆ ತಿರುಗಿಸಿದೆ. ಮೊದಲ ಸಲ ಬೀಗ ಹಾಕಿದ ಗೇಟು. ಎರಡನೇ ಸಲ ಸೈನೈಡ್ ದಿಬ್ಬದ, ಅಂದರೆ ಗಣಿಯ ತ್ಯಾಜ್ಯದ ಗುಡ್ಡದ, ಬುಡದ ಕಾಲುದಾರಿ, ಅಲ್ಲಿ ಎರಡು ಪಂಕ್ಚರ್. ಕಳೆದ ಭಾನುವಾರ ಮತ್ತೆ ಅದೇ ಗೇಟು. ಕಾವಲುಗಾರರು ಸೌಜನ್ಯದಿಂದಲೇ ಹಿಂದಕ್ಕೆ ಕಳುಹಿಸಿದರು, ಆದರೆ ಅಷ್ಟರಲ್ಲಿ ಬಿಸಿಲೇರಿತ್ತು, ಆವಣಿಯ ಆಸೆ ಬಿಟ್ಟು ರೈಲು ಹತ್ತಿದೆ. ಸರಿಯಾದ ಹಾದಿ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ತಿಳಿಸಿ.

ಮೂವತ್ತೆರಡು_ಎಂಎಂ:
ಟೈರಿನ ಅಗಲವನ್ನೂ ಗಾಳಿಯ ಒತ್ತಡವನ್ನೂ ನೀವು ಬರೆದಿಲ್ಲ. ಎರಡು ಪಂಕ್ಚರ್ ಎಂದ ಕೂಡಲೇ ನನಗೆ ವಿಷಯ ಅರ್ಥವಾಯಿತು. ಆ ಭಾಗದಲ್ಲಿ 25 ಮಿ.ಮೀ. ಟೈರಿಗೆ 100 ಪಿಎಸ್‌ಐ ಒತ್ತಡದ ಗಾಳಿ ತುಂಬಿಸಿಕೊಂಡು ಹೋದರೆ ಜಲ್ಲಿಕಲ್ಲಿನ ಪ್ರತಿಯೊಂದು ಅಂಚೂ ತೊಂದರೆ ಕೊಡುತ್ತದೆ. ನಾನು 32 ಮಿ.ಮೀ. ಟ್ಯೂಬ್‌ಲೆಸ್‌ಗೆ ಬದಲಾಯಿಸಿ, ಹಿಂದೆ ಅರುವತ್ತು, ಮುಂದೆ ಐವತ್ತೈದು ಇಟ್ಟುಕೊಂಡಿದ್ದೇನೆ. ನಂದಿ ಬೆಟ್ಟವನ್ನೂ ಅದರಲ್ಲೇ ಹತ್ತಿದ್ದೇನೆ.

ಪಾಲಾರ್‌ದಂಡೆ:
ನನ್ನದು 25 ಮಿ.ಮೀ. ಟೈರೇ. ಆದರೆ ಪಂಕ್ಚರ್ ನನ್ನ ಪ್ರಶ್ನೆಯಲ್ಲ, ನಾನು ಆ ಕಾಲುದಾರಿಗೆ ಹೋದದ್ದಾದರೂ ಏಕೆ ಎಂಬುದು ಪ್ರಶ್ನೆ.

ಮೂವತ್ತೆರಡು_ಎಂಎಂ:
ಟೈರ್ ಅಗಲವಿದ್ದರೆ ಕಾಲುದಾರಿಯೂ ದಾರಿಯೇ ಆಗುತ್ತದೆ, ಆದ್ದರಿಂದ ಎರಡೂ ಒಂದೇ ಪ್ರಶ್ನೆ ಎಂದು ನನ್ನ ಅಭಿಪ್ರಾಯ. ಮೊದಲು ಟೈರ್ ಬದಲಾಯಿಸಿ ನೋಡಿ.

ಮಾಲೂರು_ಮಾರ್ಗ:
ಅಷ್ಟೆಲ್ಲ ತೊಡಕು ಬೇಡ. ಹೊಸಕೋಟೆಯಿಂದ ಬೇತಮಂಗಲದ ಕಡೆಗೆ ಹೊಸ ಎಕ್ಸ್‌ಪ್ರೆಸ್‌ವೇ ಇದೆ, ಅದನ್ನು ಹಿಡಿದರೆ ಗಣಿಯ ಒಳರಸ್ತೆಗಳ ಗೋಜೇ ಇರುವುದಿಲ್ಲ. ಅಲ್ಲಿ ಬೈಕುಗಳು ಓಡಾಡಿದ್ದನ್ನು ನಾನೇ ಕಂಡಿದ್ದೇನೆ.

ಕೋಲಾರದ_ಗಾಲಿ:
ಈ ಸಲಹೆಯನ್ನು ಯಾರೂ ಪಾಲಿಸಬಾರದು. ಎಕ್ಸ್‌ಪ್ರೆಸ್‌ವೇಯಲ್ಲಿ ದ್ವಿಚಕ್ರ ವಾಹನಗಳಿಗೇ ಪ್ರವೇಶವಿಲ್ಲ, ಸೈಕಲ್ಲಿಗಂತೂ ಇಲ್ಲವೇ ಇಲ್ಲ. ಯಾರೋ ನಿಯಮ ಮುರಿದು ಓಡಾಡಿದ್ದು ನಮಗೆ ಅನುಮತಿಯಾಗುವುದಿಲ್ಲ. ಅದಲ್ಲದೆ ಅವರು ಕೇಳಿದ್ದು ಊರು ನೋಡುವ ಹಾದಿಯನ್ನು.

ಮಾಲೂರು_ಮಾರ್ಗ:
ನಿಯಮದ ಮಾತು ಒಪ್ಪಿದೆ. ಆದರೂ ನೆರಳಿಲ್ಲದ ಈ ಸೀಮೆಯಲ್ಲಿ ಹಳ್ಳಿ ರಸ್ತೆ ಎಲ್ಲರಿಗೂ ಸುರಕ್ಷಿತವೆಂದು ನಾನು ನಂಬುವುದಿಲ್ಲ.

ಉರಿಗಾಂ_ಲೈನ್:
ನಾನು ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದವನು, ನಮ್ಮ ತಂದೆ ಗಣಿಯಲ್ಲಿ ಕೆಲಸ ಮಾಡಿದವರು. ಟೈರಿನ ಮಾತನ್ನು ಸ್ವಲ್ಪ ಬದಿಗಿಡೋಣ. ನೀವು ಕಡತವನ್ನು ಉಳಿಸಿದ್ದು ರೂಟ್ ಎಂದೋ ಟ್ರ್ಯಾಕ್ ಎಂದೋ? ದಾರಿಯಲ್ಲಿ ಎಷ್ಟು ಬಿಂದುಗಳನ್ನು ಇಟ್ಟಿದ್ದೀರಿ? ಇವೆರಡು ತಿಳಿಯದೆ ಯಾರು ಏನೇ ಹೇಳಿದರೂ ಅದು ಊಹೆಯಷ್ಟೇ.

ಪಾಲಾರ್‌ದಂಡೆ:
ರೂಟ್ ಎಂದೇ ಉಳಿಸಿದ್ದೆ, ಅದು ಎಲ್ಲರಿಗೂ ಗೊತ್ತಿರುತ್ತದೆ ಎಂದುಕೊಂಡಿದ್ದೆ. ಬಿಂದುಗಳು ಆರು: ಬಂಗಾರಪೇಟೆ, ಮಾರಿಕುಪ್ಪಂ, ಕಮ್ಮಸಂದ್ರ, ಬೇತಮಂಗಲ, ಆವಣಿ, ಕೋಲಾರ.

ಉರಿಗಾಂ_ಲೈನ್:
ಹಾಗಾದರೆ ತಪ್ಪು ಸಿಕ್ಕಿತು. ರೂಟ್ ಎಂದು ಉಳಿಸಿದಾಗ ಕಡತದಲ್ಲಿ ಹೋಗುವುದು ಆ ಆರು ಬಿಂದುಗಳು ಮಾತ್ರ. ನಡುವಿನ ಹಾದಿಯನ್ನು ನಿಮ್ಮ ಕಂಪ್ಯೂಟರ್ ತನ್ನೊಳಗಿನ ನಕ್ಷೆಯಿಂದ ತಾನೇ ಹೊಸದಾಗಿ ಹುಡುಕುತ್ತದೆ. ಟ್ರ್ಯಾಕ್ ಎಂದು ಉಳಿಸಿದರೆ ನೀವು ಎಳೆದ ಗೆರೆಯೇ ಸಾವಿರಾರು ಬಿಂದುಗಳಾಗಿ ಹೋಗುತ್ತದೆ, ಯಂತ್ರಕ್ಕೆ ಊಹಿಸಲು ಜಾಗವಿರುವುದಿಲ್ಲ. ಜೊತೆಗೆ, ಹಾದಿ ತಪ್ಪಿದಾಗ ಮರುಲೆಕ್ಕ ಹಾಕುವ ಸೌಲಭ್ಯವನ್ನೂ ಆಫ್ ಮಾಡಿಬಿಡಿ.

ಇದು ಬೇರೆ ಊರಿನಲ್ಲಿ ಇಷ್ಟು ಕಾಡುವುದಿಲ್ಲ, ನಮ್ಮ ಊರಿನಲ್ಲಿ ಕಾಡುವುದಕ್ಕೆ ಕಾರಣವಿದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಂದಿನಿಂದ 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ ಶಾಫ್ಟಿನಿಂದ (ಗಣಿಗೆ ಇಳಿಯುವ ಬಾವಿ) ಶಾಫ್ಟಿಗೆ, ಮಿಲ್ಲಿನಿಂದ ಕಾರ್ಮಿಕರ ಸಾಲುಮನೆಗಳ ಲೈನುಗಳಿಗೆ ಒಳರಸ್ತೆಗಳು ಹೆಣೆದುಕೊಂಡೇ ಬೆಳೆದವು. ನಕ್ಷೆಯಲ್ಲಿ ಅವು ಇಂದಿಗೂ ಸಾಮಾನ್ಯ ರಸ್ತೆಗಳಂತೆಯೇ ಇವೆ. ಉಪಗ್ರಹದ ಚಿತ್ರ ನೋಡಿ ಗೆರೆ ಎಳೆದವರಿಗೆ ಡಾಂಬರು ಕಂಡಿತು, ಬೀಗ ಕಾಣಲಿಲ್ಲ. ಯಂತ್ರ ಹತ್ತಿರದ ದಾರಿ ಹುಡುಕುವಾಗ ಅವನ್ನೇ ಹಿಡಿಯುತ್ತದೆ.

ಎರಡನೆಯದು, ಮಾರಿಕುಪ್ಪಂ ಬಿಂದುವನ್ನು ಲೂಪಿನಿಂದ ತೆಗೆಯಿರಿ. ಕೋರಮಂಡಲ್, ಉರಿಗಾಂ, ಚಾಂಪಿಯನ್ ದಾಟಿ ಬರುವ ರೈಲಿಗೂ ಸದ್ಯಕ್ಕೆ ಅದೇ ಕೊನೆಯ ನಿಲ್ದಾಣ. ಅಲ್ಲಿಂದ ಕಮ್ಮಸಂದ್ರಕ್ಕೆ ನೇರವಾಗಿ ಹೋಗೆಂದರೆ ಯಂತ್ರ ಗಣಿ ಆವರಣವನ್ನು ಅಡ್ಡ ಹಾಯಲು ನೋಡುತ್ತದೆ. ಚಾಂಪಿಯನ್ ರೀಫ್ ಕಡೆಗೆ ಹೋಗಿ, ಹೊರಗಿನಿಂದಲೇ ಶಾಫ್ಟುಗಳ ಕಬ್ಬಿಣದ ಗೋಪುರ ನೋಡಿ, ಅದೇ ದಾರಿಯಲ್ಲಿ ರಾಬರ್ಟ್‌ಸನ್‌ಪೇಟೆಗೆ ಮರಳಿ. ಮೂರು ಕಿಲೋಮೀಟರಿಗೂ ಮಿಕ್ಕಿ ಆಳಕ್ಕೆ ಜನ ಇಳಿದ ಗಣಿ ಅದು. ನೀರನ್ನು ರಾಬರ್ಟ್‌ಸನ್‌ಪೇಟೆಯಲ್ಲೇ ತುಂಬಿಸಿಕೊಳ್ಳಿ.

ದಿಬ್ಬದ ಬುಡಕ್ಕೆ ಮಾತ್ರ ದಯವಿಟ್ಟು ಯಾವ ಟೈರಿನಲ್ಲೂ ಹೋಗಬೇಡಿ. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಬಿಡಿಸಿಕೊಂಡ ಮೇಲೆ ಉಳಿದ ಕೆಸರು ಅದು. ಆಷಾಢದ ಗಾಳಿಗೆ ಆ ಪುಡಿ ಎದ್ದು ಮನೆಗಳ ಕಿಟಕಿ, ಒಣಹಾಕಿದ ಬಟ್ಟೆ, ನೀರಿನ ಬಿಂದಿಗೆ ಎಲ್ಲದರ ಮೇಲೂ ಕೂರುವುದನ್ನು ನೋಡುತ್ತಲೇ ನಾವು ಬೆಳೆದಿದ್ದೇವೆ. ಅದನ್ನು ಯಾರೂ ಸುಮ್ಮನೆ ಉಸಿರಾಡಬಾರದು.

ಮೂವತ್ತೆರಡು_ಎಂಎಂ:
ದಿಬ್ಬದ ವಿಷಯ ನನಗೆ ಗೊತ್ತಿರಲಿಲ್ಲ. ಕಾಲುದಾರಿಯ ಬಗ್ಗೆ ನಾನು ಬರೆದದ್ದನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ಬೇತಮಂಗಲದಿಂದ ಮುಂದಕ್ಕೆ 25 ಮಿ.ಮೀ. ಸಾಲದು ಎಂಬ ಮಾತು ಹಾಗೆಯೇ ಇರಲಿ.

ಪಾಲಾರ್‌ದಂಡೆ:
ಟ್ರ್ಯಾಕ್ ಎಂದು ಉಳಿಸಿ, ಮರುಲೆಕ್ಕ ಆಫ್ ಮಾಡಿ, ಈ ಭಾನುವಾರ ಹೋಗಿ ಬಂದೆ. ಗೇಟು ಸಿಗಲಿಲ್ಲ. ದೂರದಿಂದ ದಿಬ್ಬವನ್ನು ನೋಡಿದೆ, ಮಳೆನೀರು ಕೊರೆದ ಗೀರುಗಳು ಮೇಲಿಂದ ಕೆಳಗಿನವರೆಗೆ ಬಾಚಣಿಗೆ ಎಳೆದಂತೆ ಇದ್ದವು. ಹಿಂದಿನ ಸಲ ಚೈನಿಗೆ ಮೆತ್ತಿದ ಬೂದು ಪುಡಿಯನ್ನು ಎರಡು ಸಲ ತೊಳೆದಿದ್ದೆ. ಎಣ್ಣೆಯೊಂದಿಗೆ ಕಲೆತು ಅರೆದ ಮಸಾಲೆಯಂತಾಗಿತ್ತು. ಬೇತಮಂಗಲದ ಕೆರೆ ಏರಿಯ ಮೇಲೆ ಅರ್ಧ ಗಂಟೆ ಕುಳಿತಿದ್ದೆ. ಗಣಿಗೂ ಊರಿಗೂ ನೀರು ಹೋಗುತ್ತಿದ್ದುದು ಇಲ್ಲಿಂದ ಎಂದು ಪಕ್ಕದಲ್ಲಿ ಕುಳಿತ ಹಿರಿಯರೊಬ್ಬರು ಹೇಳಿದರು. ಆವಣಿಯಲ್ಲಿ ರಾಮಲಿಂಗೇಶ್ವರನ ಗುಡಿಗಳನ್ನು ನೋಡಿದೆ, ಬೆಟ್ಟ ಹತ್ತಲು ಕಾಲಿನಲ್ಲಿ ಬಲವಿರಲಿಲ್ಲ.

ಮುಂದಿನ ಸಲ ಹೈದರಾಲಿ ಹುಟ್ಟಿದ ಬೂದಿಕೋಟೆಯನ್ನೂ ಸೇರಿಸಿ, ಕಾಮಸಮುದ್ರದ ಮೇಲೆ ಕೆಜಿಎಫ್‌ಗೆ ಬರುವ ಯೋಚನೆಯಿದೆ. ಆ ರಸ್ತೆಯಲ್ಲಿ ಯಾರಾದರೂ ಇತ್ತೀಚೆಗೆ ಹೋಗಿದ್ದೀರಾ?

ಕೋಲಾರದ_ಗಾಲಿ:
ಕಾಮಸಮುದ್ರದ ಗಡಿ ಹಳ್ಳಿಗಳಿಗೆ ಕಾಡಾನೆಗಳು ಬರುತ್ತವೆ. ನಸುಕಿನಲ್ಲಿ ಹೊರಡುವ ಅಭ್ಯಾಸ ನಿಮಗಿದ್ದರೆ ಆ ಭಾಗಕ್ಕೆ ಅದು ಬೇಡ. ಬೆಳಕು ಚೆನ್ನಾಗಿ ಹರಿದ ಮೇಲೆ, ಹಿಂದಿನ ಊರಿನಲ್ಲಿ ವಿಚಾರಿಸಿಕೊಂಡು ಹೋಗಿ.

ಪಾಲಾರ್‌ದಂಡೆ:
ಧನ್ಯವಾದಗಳು. ರಸ್ತೆಯ ಸ್ಥಿತಿ ತಿಳಿದವರು ಯಾರಾದರೂ ಬರೆಯುವವರೆಗೆ ಆ ಭಾಗವನ್ನು ಬಿಟ್ಟು, ಈಗಿನ ಟ್ರ್ಯಾಕ್ ಕಡತವನ್ನು ಇಲ್ಲಿ ಸೇರಿಸಿದ್ದೇನೆ.