ಅಪ್‌ಡೇಟ್: ಹಂಚಿನ ಮನೆಯ 360 ಡಿಗ್ರಿ ಟೂರ್ ಈಗ ಎಲ್ಲ ಫೋನಲ್ಲೂ ತೆರೆಯುತ್ತದೆ

ಮೊದಲು ಇಲ್ಲಿ ಕೇಳಿದ್ದ ಪ್ರಶ್ನೆ ಇಷ್ಟೇ ಇತ್ತು: ಉಡುಪಿ ಹತ್ತಿರದ ಹಂಚಿನ ಮನೆ ಮಾರಾಟಕ್ಕಿದೆ, ವಿಚಾರಿಸುವವರು ಹೆಚ್ಚಾಗಿ ದುಬೈ, ಮುಂಬಯಿ ಕಡೆಯವರು. ಮನೆಯೊಳಗೆ ಸುತ್ತಲೂ ತಿರುಗಿಸಿ ನೋಡುವ ಈ ಟೂರ್ ಲ್ಯಾಪ್‌ಟಾಪಿನಲ್ಲಿ ಸರಿ, ಕೆಲವು ಮೊಬೈಲಲ್ಲಿ ತೆರೆಯುವುದೇ ಇಲ್ಲ. ಜೊತೆಗೆ ಚಾವಡಿ ಕತ್ತಲು, ಕಿಟಕಿ ಬರೀ ಬಿಳಿ.

"ಚಿತ್ರದ ಅಗಲ ನೋಡಿ" ಅಂದವರ ಮಾತೇ ಸರಿ. 360 ಚಿತ್ರವನ್ನು ಬ್ರೌಸರಿನಲ್ಲಿ ತೋರಿಸುವ ಪ್ಯಾನೆಲ್ಲಮ್ ಎಂಬ ಸಾಫ್ಟ್‌ವೇರಿಗೆ 8192×4096 ಪಿಕ್ಸೆಲ್‌ನ ಚಿತ್ರ ಒಂದೇ ತುಂಡಾಗಿ ಹೋಗಿತ್ತು. ಕೆಲವು ಹಳೆ ಫೋನ್‌ಗಳ ಗ್ರಾಫಿಕ್ಸ್ ಚಿಪ್ 4096 ಪಿಕ್ಸೆಲ್‌ಗಿಂತ ಅಗಲದ್ದನ್ನು ತೆಗೆದುಕೊಳ್ಳುವುದಿಲ್ಲ. 4096×2048ಕ್ಕೆ ಇಳಿಸಿದ್ದೇ ತಡ, ತೆರೆಯಿತು. ಸ್ಪಷ್ಟತೆ ಬಿಡಲಾಗದವರು ಮಲ್ಟಿರೆಸ್ ಟೈಲ್ ಮಾಡಿಕೊಳ್ಳಿ, ಅಂದರೆ ಚಿತ್ರವನ್ನು ಬೇರೆ ಬೇರೆ ಗಾತ್ರದ ಸಣ್ಣ ತುಂಡುಗಳಾಗಿ ಮಾಡಿ ಹಾಕಿ. ಜೆಪೆಗ್ ಕ್ವಾಲಿಟಿ ತಗ್ಗಿಸುವ ಸಲಹೆ ಉಪಯೋಗಕ್ಕೆ ಬರಲಿಲ್ಲ: ಫೈಲ್ ಸಣ್ಣದಾದರೂ ಅಗಲ ಅಷ್ಟೇ ಇರುತ್ತದಲ್ಲ.

ಕತ್ತಲಿಗೆ ಎಲ್ಲ ಬಲ್ಬ್ ಹಾಕಿದರೆ ಹಳದಿ ಬೆಳಕು ಹೊರಗಿನ ಬೆಳಕಿನೊಡನೆ ಬೆರೆತು ಗೋಡೆಯ ಬಣ್ಣವೇ ಕೆಡುತ್ತದೆ. ಟ್ರೈಪಾಡ್ ಅಲುಗಾಡಿಸದೆ −2, 0, +2 ಎಕ್ಸ್‌ಪೋಷರ್‌ನಲ್ಲಿ (ಕಡಿಮೆ, ಮಧ್ಯಮ, ಹೆಚ್ಚು ಬೆಳಕಿನಲ್ಲಿ) ಮೂರು ಫೋಟೊ ತೆಗೆದು ಒಂದಾಗಿ ಸೇರಿಸುವುದೇ ದಾರಿ. ಮೋಡ ಕವಿದ ದಿನವಾದರೆ ಇನ್ನೂ ಸುಲಭ, ಒಳಗೂ ಹೊರಗೂ ಬೆಳಕಿನ ಅಂತರ ಕಡಿಮೆ. ನಮ್ಮ ಮಳೆಗಾಲಕ್ಕೆ ಅಷ್ಟಾದರೂ ಉಪಯೋಗವಿದೆ!

ನಿರೀಕ್ಷಿಸದೆ ತಿಳಿದದ್ದು: ಚಾವಡಿಯ ಮರದ ಕಂಬ ಮುರಿದಂತೆ ಕಾಣುತ್ತಿದ್ದುದು ಸಾಫ್ಟ್‌ವೇರ್ ದೋಷವಲ್ಲ. 360 ಕ್ಯಾಮೆರಾದ ಹಿಂದೆ ಮುಂದೆ ಇರುವ ಎರಡು ಲೆನ್ಸಿನ ಚಿತ್ರಗಳು ಕೂಡುವ ಗೆರೆ ಕ್ಯಾಮೆರಾದ ಪಕ್ಕಗಳಲ್ಲಿ ಬರುತ್ತದೆ, ಹತ್ತಿರದ ವಸ್ತು ಅಲ್ಲಿದ್ದರೆ ತುಂಡಾಗುತ್ತದೆ. ಕಂಬದ ಕಡೆಗೆ ಲೆನ್ಸ್ ತಿರುಗಿಸಿ, ಸಾಧ್ಯವಿದ್ದರೆ ಒಂದು ಮೀಟರಿಗಿಂತ ದೂರ ಇಡಿ. ಕ್ಯಾಮೆರಾದ ಎತ್ತರ ಸುಮಾರು ಐದು ಅಡಿ ಸಾಕು.

ವಾಟ್ಸಾಪಿನಲ್ಲಿ ಫೋಟೊ ಕಳಿಸಬೇಡಿ, ಟೂರಿನ ಲಿಂಕನ್ನೇ ಕಳಿಸಿ. ಅಲ್ಲಿ ಚಿತ್ರ ಕುಗ್ಗಿ, 360 ಎಂಬ ಗುರುತಿನ ಮಾಹಿತಿ ಅಳಿಸಿಹೋಗಿ, ಬರೀ ಎಳೆದು ಹಿಗ್ಗಿಸಿದ ಫೋಟೊ ಉಳಿಯುತ್ತದೆ.